ಆಯ್ತಪ್ಪನ ಎಡಗೈ ಮನೆ

ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಹೊರಟರೆ ಮೊದಲು ಖುಷಿಪಡುವವರು ಕಟ್ಟಿಸುವವರಲ್ಲ, ಉಳಿದವರು. ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಕೆಲಸ ಎಲ್ಲರಿಗೂ ಸಿಗುತ್ತದೆ. ಮರಳು ದಾರಿಗೆ ಬಂತು ಎಂದು ಒಬ್ಬರು ಜಗಳ ತೆಗೆಯಬಹುದು, ಒಣಹಾಕಿದ ಬಟ್ಟೆಗೆ ಧೂಳು ಕೂತಿತು ಎಂದು ಇನ್ನೊಬ್ಬರು. ನಿವೃತ್ತ ಪೋಸ್ಟ್‌ಮಾಸ್ಟರರಂತೂ ಬೆಳಗಿನ ತಿರುಗಾಟ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು, ಕಟ್ಟಡದ ಮುಂದೆ ನಿಂತುಬಿಡುತ್ತಾರೆ. "ಮೇಸ್ತ್ರೀ, ಆ ಕಿಟಕಿ ಎರಡು ಇಂಚು ಕೆಳಗೆ ಬಂತಲ್ಲ?" ಮೇಸ್ತ್ರಿ ಗೊಣಗುತ್ತಲೇ ಅಳೆಯುತ್ತಾನೆ. ಎರಡು ಇಂಚು ಕೆಳಗೆ ಬಂದೇ ಇರುತ್ತದೆ. ಇಟ್ಟಿಗೆ ಗೋಡೆ ದಿನಕ್ಕೆ ಮೂರಡಿ ಏಳುತ್ತದೆ. ತಪ್ಪು ಸೊಂಟದೆತ್ತರಕ್ಕೆ ಬರುವ ಮೊದಲೇ ಬೀದಿಯ ಕಣ್ಣಿಗೆ ಬೀಳುತ್ತದೆ. ಈ ಶಾಸ್ತ್ರ ಯಾವ ಎಂಜಿನಿಯರನ ಪುಸ್ತಕದಲ್ಲೂ ಇಲ್ಲ. ಇದ್ದಿದ್ದರೆ ಆಯ್ತಪ್ಪನ ಮನೆ ಹಾಗಾಗುತ್ತಿರಲಿಲ್ಲ.

ಆಯ್ತಪ್ಪ ಎನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಲಿ, ಅವರ ಮಾತು ಮುಗಿಯುವ ಮೊದಲೇ "ಆಯ್ತು, ಆಯ್ತು" ಎನ್ನುವುದು ಅವನ ಅಭ್ಯಾಸ. ಏನು ಆಯ್ತು ಎಂಬುದು ಅವನಿಗೆ ಗೊತ್ತಾಗುವುದು ಎರಡು ದಿನ ಬಿಟ್ಟು. ಅವನಿಗೆ ಭೂಮಾಪನ ಕಚೇರಿಯಲ್ಲಿ ನಕ್ಷೆ ನಕಲು ಮಾಡುವ ಕೆಲಸ. ಪಾರದರ್ಶಕ ಕಾಗದವನ್ನು ಹಳೆಯ ನಕ್ಷೆಯ ಮೇಲಿಟ್ಟು ಶಾಯಿಯಲ್ಲಿ ಗೆರೆ ಎಳೆಯುವುದು. ಆ ಕಾಗದ ಅವನು ಕೊಳ್ಳುತ್ತಿದ್ದದ್ದು ಅವನ ಮನೆ ಎದುರಿನ ನನ್ನ ಅಂಗಡಿಯಲ್ಲೇ, ಹಾಗಾಗಿ ಮುಂದೆ ನಡೆದದ್ದರಲ್ಲಿ ನನ್ನದೂ ಒಂದು ಪಾಲಿದೆ ಎಂದು ಪೋಸ್ಟ್‌ಮಾಸ್ಟರರು ಈಗಲೂ ಹೇಳುತ್ತಾರೆ. ಹೇಳಲಿ.

ಆಯ್ತಪ್ಪನಿಗೆ ಹೆಂಡತಿಯೊಬ್ಬಳು, ಅಕ್ಕ ಒಬ್ಬಳು, ಮಕ್ಕಳಿಲ್ಲ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೆ ಹದಿನಾಲ್ಕು ವರ್ಷದ ಹಿಂದೆ ಎರಡೂ ಕಣ್ಣು ಹೋದವು. ಆದರೆ ಅದನ್ನು ಹೊಸಬರಿಗೆ ನಾವೇ ಹೇಳಬೇಕಾಗಿತ್ತು. ಬಾಗಿಲು ದಾಟಿ ಬಲಗೈಯನ್ನು ಗೋಡೆಗೆ ತಾಗಿಸಿದಳೆಂದರೆ ಮುಗಿಯಿತು: ನಾಲ್ಕನೇ ಹೆಜ್ಜೆಗೆ ಒಂದು ಕಿಟಕಿ, ಏಳಕ್ಕೆ ಇನ್ನೊಂದು, ಹನ್ನೊಂದಕ್ಕೆ ಅಡುಗೆಮನೆ. ನೆಂಟರು ಬಂದರೆ ನೀರು ತಂದುಕೊಟ್ಟು, "ಲೋಟ ಅಂಚಿಗೆ ಇಟ್ಟಿದ್ದೀರಿ, ಬೀಳುತ್ತೆ" ಎಂದು ಅವರನ್ನೇ ಗದರುವಳು. ಆ ಮನೆಯಲ್ಲಿ ಅವಳು ಕುರುಡಿ ಆಗಿರಲಿಲ್ಲ. ಆ ಮನೆಯ ಗೋಡೆ ಬಿರುಕು ಬಿಟ್ಟು, ಕೆಡವಲೇಬೇಕೆಂದು ನೋಟಿಸು ಬಂದಾಗ ಅವಳು ಅತ್ತಿದ್ದು ಅದಕ್ಕೇ.

"ಲೋ, ಬೇರೆಯವರ ಮನೇಲಿ ನನಗೆ ನಿಜವಾಗ್ಲೂ ಕಣ್ಣು ಕಾಣಲ್ಲ ಕಣೋ. ಮನೆ ಕಟ್ಟೋದಿದ್ರೆ ಇದೇ ಮನೆ ಕಟ್ಟು. ಒಂದು ಹೆಜ್ಜೆ ಆಚೀಚೆ ಆಗಬಾರದು. ಬೇಗ ಕಟ್ಟು."

"ಆಯ್ತು, ಆಯ್ತು" ಎಂದ ಆಯ್ತಪ್ಪ. ಅಕ್ಕ ಚಿಕ್ಕಮ್ಮನ ಮಗಳ ಮನೆಗೆ ಹೊರಟಳು.

ನಮ್ಮ ಬೀದಿಯ ಅರ್ಧ ಮನೆಗಳನ್ನು ಕಟ್ಟಿದ ಮೇಸ್ತ್ರಿ ಬಂದು ನಾಲ್ಕು ತಿಂಗಳು ಎಂದ. ಆಯ್ತಪ್ಪ ನಕ್ಕ. ಅವನ ಕೈಯಲ್ಲಿ ಬಣ್ಣದ ಹಾಳೆಯೊಂದಿತ್ತು. ಊರಾಚೆ ಹೊಸ ಕಾರ್ಖಾನೆ ಬಂದಿದೆ. ನೊರೆ ಕಾಂಕ್ರೀಟಿನ ಹಲಗೆ ಮಾಡುತ್ತಾರೆ, ಒಳಗೆ ಟೊಳ್ಳು, ಭಾರ ಇಟ್ಟಿಗೆಯ ಮೂರನೇ ಒಂದು ಪಾಲು, ಇಬ್ಬರು ಎತ್ತಿ ಒಂದೇ ಗಳಿಗೆಯಲ್ಲಿ ಆಳೆತ್ತರದ ಗೋಡೆ ನಿಲ್ಲಿಸಬಹುದು. ಗಾರೆ ಬೇಡ, ಅಂಟು ಸಾಕು. ನೀರುಣಿಸುವುದು ಬೇಡ.

"ಹನ್ನೊಂದೇ ದಿನ ಮೇಸ್ತ್ರೀ. ಕಾಲ ಬದಲಾಯ್ತು. ನಿಮ್ಮ ಕರಣೆ, ದಾರ ಎಲ್ಲ ಎತ್ತಿಡಿ."

"ಎತ್ತಿಡೋಣ ಸ್ವಾಮಿ. ಆದ್ರೆ ಮನೆ ಬೇಗ ಕಟ್ಟಬಹುದು, ಬೇಗ ನೋಡೋಕಾಗಲ್ಲ" ಎಂದು ಮೇಸ್ತ್ರಿ ಹೊರಟುಹೋದ. ಈ ಮಾತಿನ ಅರ್ಥ ಆಗ ನಮಗೆ ಯಾರಿಗೂ ಆಗಲಿಲ್ಲ.

ನಕ್ಷೆ ಬರೆಯಲು ಎಂಜಿನಿಯರ್ ಯಾಕೆ, ಮೂವತ್ತು ವರ್ಷದಿಂದ ಗೆರೆ ಎಳೆಯುವವನು ನಾನಿದ್ದೇನಲ್ಲ ಎಂದು ಆಯ್ತಪ್ಪ ತಾನೇ ಕೂತ. ಮನೆಯನ್ನು ಮೂಲೆಮೂಲೆ ಅಳೆದು ಪಾರದರ್ಶಕ ಕಾಗದದ ಮೇಲೆ ಇಳಿಸಿದ. ಅವನ ಕಚೇರಿಯಲ್ಲಿ ಒಂದು ಪದ್ಧತಿ: ನಕ್ಷೆಯ ಮೇಲೆ ಅಕ್ಷರ, ಅಂಕಿ ಗೀಚಬಾರದು. ಒಂದನೇ ಗೋಡೆಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು. ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಕಾಗದದ ಯಾವ ಮೈ ಮೇಲೆ ಬರಬೇಕೆಂದು ಕಚೇರಿಯವರು ಬೆರಳಿನಿಂದ ತಿಳಿಯುತ್ತಾರೆ, ಶಾಯಿ ಇರುವ ಮೈ ತರಿತರಿಯಾಗಿರುತ್ತದೆ. ಕಾರ್ಖಾನೆಯಲ್ಲಿ ನಕ್ಷೆ ಓದುವ ಯಂತ್ರಕ್ಕೆ ಬೆರಳಿಲ್ಲ. ಅಲ್ಲಿದ್ದ ಹುಡುಗಿ ಕಾಗದವನ್ನು ಗಾಜಿನ ಮೇಲಿಟ್ಟು, "ಸಾರ್, ಈ ಮೈ ತಾನೆ?" ಎಂದು ಕೇಳಿದ್ದಳು. ಆಯ್ತಪ್ಪ ಬಣ್ಣದ ಹಾಳೆ ಓದುತ್ತಾ "ಆಯ್ತು, ಆಯ್ತು" ಎಂದಿದ್ದ. ಇದು ನಮಗೆ ಆಮೇಲೆ ಗೊತ್ತಾದದ್ದು.

ಹಳೆಯ ಮನೆ ಎರಡೇ ದಿನದಲ್ಲಿ ನೆಲಸಮವಾಯಿತು. ಮೂರನೆಯ ಬೆಳಿಗ್ಗೆ ನಾನು ಅಂಗಡಿ ತೆರೆಯುವ ಹೊತ್ತಿಗೆ ಎದುರಿನ ನಿವೇಶನದ ಸುತ್ತ ತಗಡಿನ ಮರೆ ನಿಂತಿತ್ತು. ಪಕ್ಕದಲ್ಲಿ ಆಯ್ತಪ್ಪನದೇ ಖಾಲಿ ಜಾಗವಿತ್ತು, ಅಲ್ಲಿ ಒಂದು ಕ್ರೇನು. ಬೂದು ಬಟ್ಟೆಯ ಐದು ಜನ ಒಳಗೆ ಹೋದರು. ಪೋಸ್ಟ್‌ಮಾಸ್ಟರರು ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತರು. ಅವರ ಬೆನ್ನಿಗೆ ಬೀದಿಯ ಇನ್ನಷ್ಟು ಜನ, ಜಗಳಕ್ಕೆ ಸಿದ್ಧರಾಗಿ.

ಜಗಳಕ್ಕೆ ಏನೂ ಸಿಗಲಿಲ್ಲ. ಧೂಳಿಲ್ಲ. ಮರಳಿಲ್ಲ. ಸುತ್ತಿಗೆಯ ಒಂದು ಏಟೂ ಇಲ್ಲ. ಒಳಗಿನವರು ಒಬ್ಬರನ್ನೊಬ್ಬರು ಕರೆಯಲಿಲ್ಲ, ಬೈಯಲಿಲ್ಲ. ಬೈಗುಳವಿಲ್ಲದೆ ಏಳುವ ಗೋಡೆಯನ್ನು ನಾನು ಅದೇ ಮೊದಲು ಕಂಡದ್ದು; ನಿಜ ಹೇಳಬೇಕೆಂದರೆ ಅದೂ ಕಾಣಲಿಲ್ಲ. ಆಗಾಗ ಬೂದು ಹಲಗೆಯೊಂದು ಮರೆಯ ಮೇಲೆ ಎದ್ದು, ಸ್ವಲ್ಪ ತಿರುಗಿ, ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ಬೀದಿನಾಯಿ ಆ ಕಡೆ ಹೋಗುವುದನ್ನೇ ಬಿಟ್ಟಿತು.

"ಏನೋ ಸರಿ ಇಲ್ಲ ರೀ" ಎಂದರು ಪೋಸ್ಟ್‌ಮಾಸ್ಟರರು ಮೂರನೆಯ ದಿನ.

"ಏನು ಸರಿ ಇಲ್ಲ?"

"ತಪ್ಪು ಹುಡುಕೋಣ ಅಂದ್ರೆ ಮನೇನೇ ಕಾಣ್ತಿಲ್ಲವಲ್ಲ!"

ಹನ್ನೊಂದು ದಿನ ಎಂದಿದ್ದವರು ಆರೇ ದಿನಕ್ಕೆ ಮರೆ ಬಿಚ್ಚಿದರು. ಬಿಳಿಯ ಬಣ್ಣ ಸಹಿತ ಮನೆ ನಿಂತಿತ್ತು. ಬೂದು ಬಟ್ಟೆಯವರ ಮುಖ್ಯಸ್ಥ ಆಯ್ತಪ್ಪನ ಮುಂದೆ ಕಾಗದ ಹಿಡಿದ.

"ಅಳತೆ ನೋಡ್ಕೊಳ್ಳಿ. ಸರಿ ಇದ್ರೆ ಸಹಿ ಹಾಕಿ."

ಆಯ್ತಪ್ಪ ಟೇಪು ಹಿಡಿದು ಒಂದೊಂದು ಗೋಡೆಯನ್ನೂ ಅಳೆದ. ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಬಾಗಿಲು ಮೂರೂಕಾಲಡಿ, ಮೊದಲ ಕಿಟಕಿ ಸರಿಯಾದ ದೂರಕ್ಕೆ, ಎರಡನೆಯದೂ ಸರಿಯೆ. "ಆಯ್ತು!" ಎಂದು ಸಹಿ ಹಾಕಿದ. ಕ್ರೇನು, ತಗಡು, ಐದು ಜನ ಎಲ್ಲ ಹೊರಟರು. ಹೋಗುವಾಗಲೂ ಅವರು ಮಾತಾಡಲಿಲ್ಲ.

ನಾವೆಲ್ಲ ನೋಡಲು ನುಗ್ಗಿದೆವು. ಆಮೇಲೆ ನಡೆದದ್ದನ್ನು ಹೇಗೆ ಹೇಳುವುದೋ ತಿಳಿಯದು. ಪರಿಚಯದವರು ಮೀಸೆ ಬೋಳಿಸಿಕೊಂಡು ಬಂದಾಗ ಏನೋ ಬದಲಾಗಿದೆ ಎನಿಸುತ್ತದೆ, ಏನೆಂದು ಹೊಳೆಯುವುದಿಲ್ಲವಲ್ಲ, ಹಾಗೆ. ಇಪ್ಪತ್ತು ವರ್ಷ ಗಲ್ಲಾದ ಹಿಂದೆ ಕೂತು ನಾನು ನೋಡಿದ ಮನೆ ಅದು. ನೋಡಿದರೆ ಅದೇ ಮನೆ. ಆದರೂ ಒಳಗೆ ಕಾಲಿಟ್ಟೊಡನೆ ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ. ಆಯ್ತಪ್ಪನ ಹೆಂಡತಿ ಅಡುಗೆಮನೆಗೆಂದು ಹೊರಟು ಬಚ್ಚಲಮನೆಯಲ್ಲಿ ನಿಂತಿದ್ದಳು. ದೀಪ ಹಾಕಲು ಹೋದ ಅವಳ ಕೈ ಬರೀ ಗೋಡೆಯನ್ನು ಸವರುತ್ತಿತ್ತು.

"ರೀ, ಈ ಮನೇಲಿ ಏನೋ ಇದೆ."

"ಹೊಸ ಬಣ್ಣದ ವಾಸನೆ ಕಣೆ. ಅಳತೆ ಎಲ್ಲ ಸರಿ ಇದೆ."

"ಅಳತೆ ಸರಿ ಇದ್ರೆ ನನಗ್ಯಾಕೆ ತಲೆ ಸುತ್ತುತ್ತೆ?"

ಪೋಸ್ಟ್‌ಮಾಸ್ಟರರು ಒಂದು ಸುತ್ತು ಹೊಡೆದು ಹೊರಗೆ ಹೋಗಿಬರುತ್ತೇನೆಂದು ಹೇಳಿ, ಕೋಣೆಯ ಮೂಲೆಗೆ ಮುಖ ಮಾಡಿ ನಿಂತುಬಿಟ್ಟರು. ಅವರನ್ನು ಹೆಗಲು ಹಿಡಿದು ತಿರುಗಿಸಬೇಕಾಯಿತು. ಅವರ ಹಣೆಯ ಮೇಲೆ ಬೆವರಿತ್ತು.

ಕಡೆಗೆ ಮೇಸ್ತ್ರಿ ಬಂದ. ಒಳಗೆ ಕಾಲಿಡಲಿಲ್ಲ. ಬೀದಿಯ ನಡುವೆ ನಿಂತು ಮನೆಯನ್ನು ನೋಡಿದ, ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ, ಮತ್ತೆ ಮನೆಯನ್ನು ನೋಡಿದ. ಅವನ ಮುಖ ಬಿಳಿಚಿತು.

"ಸ್ವಾಮೀ, ಇದು ಎಡಗೈ ಮನೆ."

"ಅಂದ್ರೆ?"

"ಹಳೇ ಮನೆ ಬಾಗಿಲು ಬಲಗಡೆ ಇತ್ತು. ಇದರದ್ದು ಎಡಗಡೆ ಇದೆ. ಬಚ್ಚಲಿದ್ದ ಕಡೆ ಅಡುಗೆಮನೆ ಬಂದಿದೆ, ಅಡುಗೆಮನೆ ಇದ್ದ ಕಡೆ ಬಚ್ಚಲು. ನಿಮ್ಮ ಮನೇನ ಕನ್ನಡೀಲಿ ನೋಡಿದ್ರೆ ಹೆಂಗೆ ಕಾಣುತ್ತೋ, ಹಂಗೆ ಕಟ್ಟಿ ಹೋಗಿದ್ದಾರೆ."

ಅಷ್ಟು ಹೊತ್ತೂ ಕಾಣದಿದ್ದದ್ದು ನಮ್ಮೆಲ್ಲರಿಗೂ ಒಮ್ಮೆಗೇ ಕಂಡಿತು. ಆಯ್ತಪ್ಪ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. ಅವನಿಗೆ ನೆನಪಾದದ್ದು ಯಂತ್ರದ ಮುಂದೆ ನಿಂತಿದ್ದ ಆ ಹುಡುಗಿಯ ಪ್ರಶ್ನೆ. ಅಕ್ಕ ಮರುದಿನ ಬೆಳಿಗ್ಗೆ ಬರುವವಳಿದ್ದಳು.

ಕಾರ್ಖಾನೆಗೆ ಫೋನು ಮಾಡಿದ. ಆ ಕಡೆಯ ದನಿ ಬಹಳ ವಿನಯದಿಂದ ಹೇಳಿತು: ಹಲಗೆ ಬಿಚ್ಚಲು ಬರುವುದಿಲ್ಲ, ನಮ್ಮ ಅಂಟು ಅಷ್ಟು ಒಳ್ಳೆಯದು. ಒಡೆಯಬಹುದು. ಹೊಸ ಮನೆಗೆ ಹೆಸರು ಬರೆಸಿದರೆ ನಿಮ್ಮ ಸರದಿ ಹದಿನಾಲ್ಕು ತಿಂಗಳ ನಂತರ ಬರುತ್ತದೆ. ಕಟ್ಟುವುದು ಮಾತ್ರ ಆರೇ ದಿನ.

ಆ ಸಂಜೆ ಆಯ್ತಪ್ಪ ನನ್ನ ಅಂಗಡಿಯ ಗಲ್ಲಾದ ಮೇಲೆ ನಕ್ಷೆ ಹರಡಿಕೊಂಡು ಕೂತ. ಅಕ್ಕನನ್ನು ಹಿತ್ತಲ ಬಾಗಿಲಿನಿಂದ ಕರೆತಂದರೆ? ಎಡ ಬಲವಾಯಿತು, ಆದರೆ ಅಡುಗೆಮನೆ ಮೊದಲು ಬಂತು. ಹಿಮ್ಮುಖವಾಗಿ ನಡೆಸಿದರೆ? ಕೈ ಸರಿಹೋಯಿತು, ಕಾಲು ಕೆಟ್ಟಿತು. ಕಾಗದವನ್ನು ಹೇಗೆ ತಿರುಗಿಸಿದರೂ ಮನೆ ಎಡಗೈಯದ್ದೇ ಆಗುತ್ತಿತ್ತು. ಮಗುಚಿ ಹಾಕಿದರೆ ಮಾತ್ರ ಸರಿಹೋಗುತ್ತಿತ್ತು.

"ಮಗುಚಿದ್ರೆ ಆಯ್ತು!" ಎಂದ ಅವನು ಉತ್ಸಾಹದಿಂದ.

"ಯಾರನ್ನ ಮಗುಚ್ತೀರಿ, ಮನೇನೋ ಅತ್ತಿಗೇನೋ?" ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಡತಿ.

ಬೆಳಿಗ್ಗೆ ಅಕ್ಕ ಬಂದಳು. ಆಟೋದಿಂದ ಇಳಿದವಳೇ ತಮ್ಮನ ಕೈ ಕೊಡವಿದಳು. "ನನ್ನ ಮನೇಗೆ ನನ್ನನ್ನ ಹಿಡ್ಕೊಂಡು ಹೋಗ್ತೀಯಾ? ಬಿಡೋ." ಬಾಗಿಲು ದಾಟಿ ಬಲಗೈ ಚಾಚಿದಳು. ಕೈಗೆ ಗೋಡೆ ಸಿಗಲಿಲ್ಲ. ಇನ್ನೂ ಚಾಚಿದಳು. ಆ ಕೈ ಗಾಳಿಯಲ್ಲಿ ಹಾಗೇ ನಿಂತಿತು. ನಾವು ಬಾಗಿಲಲ್ಲೇ ನಿಂತು ನೋಡುತ್ತಿದ್ದೆವು.

"ಯಾರ ಮನೆಗೆ ಕರ್ಕೊಂಡು ಬಂದೆ?" ಎಂದಳು ಮೆಲ್ಲಗೆ.

"ನಮ್ಮದೇ ಅಕ್ಕ. ಸ್ವಲ್ಪ, ಸ್ವಲ್ಪ ಹೊಸದು."

ಅವಳು ಎಡಗೈ ಎತ್ತಿದಳು. ಅದಕ್ಕೆ ಗೋಡೆ ಸಿಕ್ಕಿತು, ನುಣ್ಣಗೆ, ತಣ್ಣಗೆ. ಬಹಳ ಹೊತ್ತು ಅದನ್ನು ಸವರಿದಳು. ಬಗ್ಗಿ ಕಿವಿಯಿಟ್ಟಳು. ಮುಖ ಸ್ವಲ್ಪ ಅರಳಿತು.

"ಓ, ಗೊತ್ತಾಯ್ತು ಬಿಡು. ಇದು ಪಕ್ಕದ್ದು. ನಮ್ಮ ಮನೆ ಈ ಗೋಡೆ ಆಚೆ ಇದೆ, ಅಲ್ವಾ?"

ಇಲ್ಲಿ ಆಯ್ತಪ್ಪ ನಿಜ ಹೇಳಬಹುದಿತ್ತು. ಹೇಳಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

"ಆಯ್ತು ಅಕ್ಕ. ಅಂದ್ರೆ, ಹೌದು. ಅಲ್ಲಿ ಬಣ್ಣ ಇನ್ನೂ ಹಸಿ ಇದೆ. ನಾಲ್ಕು ದಿನ ಇಲ್ಲಿರೋಣ, ಆಮೇಲೆ ಅಲ್ಲಿಗೆ ಹೋಗೋಣ."

"ಹಾಗೆ ಹೇಳು ಮತ್ತೆ" ಎಂದಳು ಅಕ್ಕ. ಆಮೇಲೆ ಗೋಡೆಗೆ ಮತ್ತೆ ಕಿವಿಯಿಟ್ಟು, "ಬಣ್ಣ ಹಸಿ ಇದ್ರೆ ಒಳಗೆ ಓಡಾಡ್ತಿರೋದು ಯಾರು?" ಎಂದಳು.

ಗೋಡೆಯಾಚೆ ಇದ್ದದ್ದು ಕ್ರೇನು ನಿಂತಿದ್ದ ಖಾಲಿ ಜಾಗ. ತುಳಿದ ಹುಲ್ಲು, ಚಕ್ರದ ಗುರುತು, ಅಷ್ಟೇ. ಆಯ್ತಪ್ಪ ನಗಲು ನೋಡಿದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹೆಂಡತಿ ಒಂದು ಲೋಟ ಕೆಳಗಿಟ್ಟಳು. ಒಂದು ಕ್ಷಣ ಬಿಟ್ಟು ಗೋಡೆಯಾಚೆಯೂ ಯಾರೋ ಲೋಟ ಇಟ್ಟರು. ಹೆಂಡತಿ ಹಜಾರಕ್ಕೆ ನಡೆದುಬಂದಳು. ಆ ಕಡೆಯ ಹೆಜ್ಜೆಗಳೂ ಬಂದು ನಿಂತವು.

ಕಾರ್ಖಾನೆಗೆ ಮತ್ತೆ ಫೋನು. ವಿನಯದ ದನಿ ವಿವರಿಸಿತು: ಹಲಗೆ ಟೊಳ್ಳು ಸಾರ್, ಸದ್ದು ಒಳಗೇ ಓಡಾಡಿಕೊಂಡು ಬೇರೆ ಕಡೆ ಹೊರಬೀಳುತ್ತದೆ, ಅದು ದೋಷವಲ್ಲ. ಆಯ್ತಪ್ಪನಿಗೆ ಸಮಾಧಾನವಾಯಿತು. ಅದನ್ನು ಬೀದಿಗೆಲ್ಲ ಹೇಳಿದ. ಬೀದಿಯವರು ತಲೆಯಾಡಿಸಿ, ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಗೋಡೆಗೆ ಕಿವಿಯಿಡಲು ಬಂದರು. ಎಲ್ಲರಿಗಿಂತ ಹೆಚ್ಚು ಹೊತ್ತು ಇಟ್ಟವರು ಪೋಸ್ಟ್‌ಮಾಸ್ಟರರು. ಎದ್ದು ಬಂದಾಗ ಅವರ ಕಿವಿ ಕೆಂಪಾಗಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

"ಏನು ಕೇಳಿಸ್ತು?"

"ಉಸಿರು. ಆ ಕಡೆಯವನೂ ಕಿವಿ ಇಟ್ಕೊಂಡಿದ್ದಾನೆ ರೀ."

"ನಿಮ್ಮ ಉಸಿರೇ ಇರಬೇಕು."

"ನಾನು ಉಸಿರು ಕಟ್ಟಿಕೊಂಡು ಕೇಳ್ತಿದ್ದೆ" ಎಂದರು ಪೋಸ್ಟ್‌ಮಾಸ್ಟರರು. ಆ ದಿನದಿಂದ ಅವರು ಆ ಮನೆಯ ಸಾಲಿನಲ್ಲಿ ನಡೆಯುವುದನ್ನು ಬಿಟ್ಟು ನನ್ನ ಅಂಗಡಿಯ ಬದಿ ಹಿಡಿದರು.

ಎರಡನೆಯ ದಿನ ಕಂದಾಯದ ಇನ್‌ಸ್ಪೆಕ್ಟರ್ ಬಂದರು, ಕಡತ ಸಹಿತ. ಹಳೆಯ ಮನೆ ಕೆಡವಿದ್ದನ್ನು ಪರೀಕ್ಷಿಸಬೇಕಿತ್ತು.

"ಯಾವಾಗ ಕೆಡವಿದ್ದು?"

"ಎಂಟು ದಿನ ಆಯ್ತು ಸಾರ್. ಇದು ಹೊಸದು."

ಇನ್‌ಸ್ಪೆಕ್ಟರ್ ಕನ್ನಡಕ ಕೆಳಗಿಳಿಸಿದರು. "ನಮ್ಮ ನಿಯಮದಲ್ಲಿ ಮನೆ ಕಟ್ಟೋಕೆ ಕಡಿಮೆ ಅಂದ್ರೂ ನೂರಿಪ್ಪತ್ತು ದಿನ. ಎಂಟು ದಿನದಲ್ಲಿ ಹೊಸ ಮನೆ ಇದೆ ಅಂದ್ರೆ, ಇದು ಮೊದಲೇ ಇತ್ತು ಅಂತಾಯ್ತು."

"ಇಲ್ಲ ಸಾರ್, ಹೊಸ ಹಲಗೆ, ಇಬ್ಬರೇ ಎತ್ತಿ…"

"ಹಳೇ ಮನೆ ಬಾಗಿಲು ಬಲಕ್ಕೆ ಅಂತ ದಾಖಲೆ ಇದೆ. ಇದರದ್ದು ಎಡಕ್ಕಿದೆ. ಅಂದ್ರೆ ಇದು ಆ ಮನೆ ಅಲ್ಲ. ಆ ಮನೆ ಎಲ್ಲಿ?"

"ಈ ಗೋಡೆ ಆಚೆ ಇದೆ ಸ್ವಾಮಿ" ಎಂದಳು ಕುರ್ಚಿಯಲ್ಲಿ ಕೂತಿದ್ದ ಅಕ್ಕ. "ಜನ ಓಡಾಡ್ತಿದ್ದಾರೆ, ಕೇಳಿ ಬೇಕಾದ್ರೆ."

ಇನ್‌ಸ್ಪೆಕ್ಟರ್ ಕೇಳಿದರು. ಅವರಿಗೂ ಕೇಳಿಸಿತು. ಹೊರಗೆ ಹೋಗಿ ಖಾಲಿ ಜಾಗದಲ್ಲಿ ಎರಡು ಸಲ ಸುತ್ತಿ, ಹುಲ್ಲನ್ನು ಬೂಟಿನಿಂದ ಕೆದಕಿ ನೋಡಿ ಬಂದರು. ಬಹಳ ಯೋಚಿಸಿ, ಈ ಮನೆಗೆ ಹದಿನಾಲ್ಕು, ಆ ಮನೆಗೆ ಹದಿನಾಲ್ಕು 'ಎ' ಎಂದು ನಂಬರು ಕೊಟ್ಟು, ಎರಡನೆಯದರ ಮುಂದೆ 'ಬೀಗ ಹಾಕಿದೆ' ಎಂದು ಬರೆದರು.

"ಸಾರ್, ಮನೆ ಇಲ್ಲ ಅಂತ ಬರೀರಿ!" ಎಂದು ಆಯ್ತಪ್ಪ ಅಕ್ಕನಿಗೆ ಕೇಳದಂತೆ ಅವರ ಕಿವಿಯಲ್ಲಿ ಅಂಗಲಾಚಿದ.

"ಇಲ್ಲ ಅನ್ನೋ ಕಾಲಂ ಇಲ್ಲ ರೀ. ನಾಡಿದ್ದು ಬರ್ತೀನಿ, ಬೀಗ ತೆಗೆಸಿರಿ."

ನಾವು ನಕ್ಕೆವು. ಆದರೆ ನಗು ಅಂಗಡಿಯವರೆಗೆ ಮಾತ್ರ ಬಂತು. ಆ ನಾಲ್ಕು ದಿನ ಅಕ್ಕನನ್ನು ನೋಡಿದವರಿಗೆ ನಗು ಬರುವಂತಿರಲಿಲ್ಲ. ಯಾರಿಗೂ ಒಂದು ಲೋಟ ನೀರು ಕೊಡದೆ ಬಿಡದಿದ್ದ ಹೆಂಗಸು ಈಗ ಕುರ್ಚಿಯಲ್ಲಿ ಕೂತು, "ಯಾರಾದ್ರೂ ಇದ್ದೀರಾ? ನೀರು ಬೇಕಾಗಿತ್ತು" ಎನ್ನುತ್ತಿದ್ದಳು. ಹೆಗಲು, ಮೊಣಕಾಲುಗಳ ಮೇಲೆ ಗೋಡೆಗೆ ತಾಗಿಸಿಕೊಂಡ ನೀಲಿ ಗುರುತುಗಳಿದ್ದವು. ಎದ್ದರೆ ಬಲಗೈ ತಾನಾಗಿ ಚಾಚುತ್ತಿತ್ತು, ಏನೂ ಸಿಗದೆ ಮತ್ತೆ ಕೂರುತ್ತಿದ್ದಳು. ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು: "ಬಣ್ಣ ಒಣಗಿತಾ?" ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ: "ಒಣಗ್ತಾ ಇದೆ ಅಕ್ಕ." ಅದನ್ನು ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಅವನಿಗೆ ಆಗುತ್ತಿರಲಿಲ್ಲವೆಂದು ಹೇಳಲಾರೆ. ಆ ದಿನಗಳಲ್ಲಿ ಅವನು ಯಾರ ಮಾತಿಗೂ ಆಯ್ತು ಎಂದದ್ದನ್ನು ನಾನು ಕೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಿತ್ತು. ಇನ್‌ಸ್ಪೆಕ್ಟರ್ ಕಡತ ಹಿಡಿದು ಬಂದು ನನ್ನ ಅಂಗಡಿಯ ನೆರಳಿನಲ್ಲಿ ನಿಂತಿದ್ದರು. ಆಯ್ತಪ್ಪ ಮೇಸ್ತ್ರಿಯನ್ನು ಕರೆತಂದು, ಮನೆ ಒಡೆಯಲು ಎಷ್ಟು ದಿನ ಬೇಕೆಂದು ಬೀದಿಯಲ್ಲೇ ಕೇಳುತ್ತಿದ್ದ; ನಮ್ಮೆಲ್ಲರ ಗಮನ ಅವರ ಮೇಲಿತ್ತು, ಮನೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಓಡಿಬಂದಳು.

"ರೀ, ಕುರ್ಚೀಲಿ ಅತ್ತಿಗೆ ಇಲ್ಲ. ಯಾವ ಕೋಣೇಲೂ ಇಲ್ಲ! ಬಾಗಿಲು ಪೂರ್ತಿ ತೆರೆದಿತ್ತು!"

ಆಯ್ತಪ್ಪ ಒಳಗೆ ಓಡಿದ. ಪ್ರತಿ ಕೋಣೆಯಲ್ಲೂ "ಅಕ್ಕಾ" ಎಂದು ಕೂಗಿದ. ಅವನ ದನಿ ಗೋಡೆಗಳಲ್ಲಿ ಓಡಾಡಿ, ಅಕ್ಕಾ, ಅಕ್ಕಾ ಎಂದು ಬೇರೆ ಬೇರೆ ಕಡೆ ಹೊರಬಿತ್ತು. ಆ ಸದ್ದು ನಿಂತ ಮೇಲೆ ಉತ್ತರ ಬಂತು. ಗೋಡೆಯ ಆಚೆಯಿಂದ.

"ಇಲ್ಲಿದ್ದೀನಿ ಕಣೋ. ಯಾಕೆ ಹಾಗೆ ಅರಚ್ತೀಯಾ?"

ಆಯ್ತಪ್ಪ ಹೊರಗೆ ಬಂದ. ಬಾಗಿಲು ಎಳೆದು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಭಯಕ್ಕೆ ಹಾಗೆ ಮಾಡಿದನೆಂದು ಕಾಣುತ್ತದೆ. ಎಲ್ಲರೂ ಅವನ ಹಿಂದೆ ಮನೆಯ ಪಕ್ಕದ ಖಾಲಿ ಜಾಗಕ್ಕೆ ಹೋದೆವು.

ಅಕ್ಕ ಅಲ್ಲಿದ್ದಳು, ಹುಲ್ಲಿನ ಮೇಲೆ, ಬಿಸಿಲಲ್ಲಿ. ಮನೆಯೊಳಗಿನಿಂದ ಹೊರಗೆ ಬರುವಾಗ ಗೋಡೆ ಬಲಗೈಗೆ ಸಿಕ್ಕಿತ್ತು. ಆ ಕೈ ಬಿಡದೆ ಬಾಗಿಲು ದಾಟಿ, ಮೂಲೆ ಬಳಸಿ, ಗೋಡೆಯ ಹೊರಮೈ ಹಿಡಿದುಕೊಂಡು ಇಲ್ಲಿಗೆ ಬಂದಿದ್ದಳು. ಈಗ ಆ ಗೋಡೆ ಅವಳ ಬಲಕ್ಕಿತ್ತು. ನಡೆದು ತೋರಿಸಿದಳು. ಒಂದು, ಎರಡು, ಮೂರು, ನಾಲ್ಕು: ಕೈಗೆ ಕಿಟಕಿ. ಏಳು: ಇನ್ನೊಂದು ಕಿಟಕಿ. ಹನ್ನೊಂದು: ನಿಂತು ಎಡಕ್ಕೆ ತಿರುಗಿ, ಇಲ್ಲದ ಅಡುಗೆಮನೆಯೊಳಗೆ ಹೋಗಿ, ಹೊರಗೆ ಬಂದಳು. ಕೈ ಒಮ್ಮೆಯೂ ತಡವರಿಸಲಿಲ್ಲ. ನಾಲ್ಕು ದಿನದ ಮೇಲೆ ಅವಳಿಗೆ ಕಣ್ಣು ಬಂದಿತ್ತು.

ಆಯ್ತಪ್ಪ ಹುಲ್ಲಿನ ಮೇಲೆ ಕೂತು ಗಳಗಳ ಅತ್ತುಬಿಟ್ಟ. "ಅಕ್ಕಾ, ನಾನು ಸುಳ್ಳು ಹೇಳಿದೆ. ಇಲ್ಲಿ ಮನೆ ಇಲ್ಲ. ನಕ್ಷೆ ಉಲ್ಟಾ ಆಗಿ ಮನೇನೂ ಉಲ್ಟಾ ಆಯ್ತು. ನಿನ್ನ ತಲೆ ಮೇಲೆ ಆಕಾಶ ಇದೆ."

"ನೆತ್ತಿ ಸುಡ್ತಿರೋದು ನನಗೆ ಗೊತ್ತಾಗಲ್ವೇನೋ, ಪೆದ್ದ?" ಎಂದಳು ಅಕ್ಕ. "ಸೂರು ಆಮೇಲೆ ಬರುತ್ತೆ. ಈ ಗೋಡೆ ಈ ಕಡೆಯಿಂದ ಸರಿಯಾಗಿದೆ. ಇಲ್ಲಿಂದ ಕಟ್ಟು. ಮೇಸ್ತ್ರಿ ಬಂದಿದ್ದಾನಾ?"

"ಇದ್ದೀನಮ್ಮ."

"ಎಷ್ಟು ದಿನ ಬೇಕು?"

"ನಾಲ್ಕು ತಿಂಗಳಮ್ಮ."

"ಒಂದು ದಿನಾನೂ ಕಡಿಮೆ ಮಾಡಬೇಡ. ಎಲ್ಲರೂ ಬಂದು ನೋಡ್ಲಿ, ತಪ್ಪು ಹುಡುಕ್ಲಿ. ಅಲ್ಲೀವರೆಗೆ ಚಿಕ್ಕಮ್ಮನ ಮಗಳ ಮನೇಲಿ ಕಣ್ಣು ಮುಚ್ಕೊಂಡು ಇರ್ತೀನಿ."

ಮೇಸ್ತ್ರಿ ಅಲ್ಲೇ ಗೂಟ ಹೊಡೆದು ದಾರ ಕಟ್ಟಲು ಬಗ್ಗಿದ. ದೂರದಲ್ಲೇ ನಿಂತಿದ್ದ ಪೋಸ್ಟ್‌ಮಾಸ್ಟರರು ಬೀದಿ ದಾಟಿ ಬಂದು, ಕೈ ಹಿಂದೆ ಕಟ್ಟಿಕೊಂಡು, ದಾರ ಅರ್ಧ ಇಂಚು ವಾಲಿದೆ ಎಂದರು. ಇನ್‌ಸ್ಪೆಕ್ಟರ್ ಕಡತ ತೆರೆದು 'ಬೀಗ ಹಾಕಿದೆ' ಎಂಬುದನ್ನು ಹೊಡೆದುಹಾಕಿ 'ಕೆಲಸ ನಡೆಯುತ್ತಿದೆ' ಎಂದು ಬರೆದರು. ಅವರ ಸರ್ವಿಸ್ಸಿನಲ್ಲಿ ನಂಬರು ಮೊದಲು ಬಂದು ಮನೆ ಆಮೇಲೆ ಬಂದದ್ದು ಇದೇ ಮೊದಲಂತೆ. ಎಲ್ಲರ ಮನಸ್ಸೂ ಹಗುರವಾಯಿತು. ಆಯ್ತಪ್ಪ ಕಣ್ಣೊರೆಸಿಕೊಂಡು, ಎಷ್ಟೋ ದಿನದ ಮೇಲೆ, "ಆಯ್ತು" ಎಂದ.

ಆಗ ಗೋಡೆಯ ಒಳಗಡೆ ಯಾರೋ ಒಂದು ಲೋಟ ಕೆಳಗಿಟ್ಟರು.

ನಾನು ಎಣಿಸಿದೆ. ಆಯ್ತಪ್ಪ, ಅವನ ಹೆಂಡತಿ, ಅಕ್ಕ, ಮೇಸ್ತ್ರಿ, ಇನ್‌ಸ್ಪೆಕ್ಟರ್, ಪೋಸ್ಟ್‌ಮಾಸ್ಟರರು, ನಾನು. ಎಲ್ಲರೂ ಹೊರಗಿದ್ದೆವು. ಮನೆಗೆ ಬೀಗ ಬಿದ್ದಿತ್ತು. ಒಳಗೆ ಬಾಗಿಲ ಕಡೆಯಿಂದ ಹೆಜ್ಜೆಗಳು ಹೊರಟವು, ಅವಸರವಿಲ್ಲದೆ, ಗೋಡೆಯನ್ನು ಸವರುತ್ತಾ. ನಾಲ್ಕನೆಯ ಹೆಜ್ಜೆಗೆ ನಿಂತವು. ಏಳಕ್ಕೆ ನಿಂತವು. ಹನ್ನೊಂದಕ್ಕೆ ತಿರುಗಿ ಅಡುಗೆಮನೆಯೊಳಗೆ ಹೋದವು. ಕಿಟಕಿಯಲ್ಲಿ ಬಗ್ಗಿ ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಅಕ್ಕ ಮಾತ್ರ ಮುಗುಳ್ನಕ್ಕಳು. "ಎಡಗೈಯವರು ಅಂತ ಕಾಣುತ್ತೆ, ಪಾಪ. ನಾಲ್ಕು ದಿನದಿಂದ ನಾವು ಜಾಗ ಬಿಡ್ಲಿ ಅಂತ ಕಾಯ್ತಿದ್ರು."

ಆಯ್ತಪ್ಪ ಎದ್ದ. ಪಂಚೆ ಸರಿಮಾಡಿಕೊಂಡ. ಮನೆಯ ಮುಂದಕ್ಕೆ ಹೋಗಿ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ತನ್ನ ಮನೆಯ ಬಾಗಿಲನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಬೀಗದ ಕೈ ನಿಮ್ಮ ಜೇಬಲ್ಲೇ ಇದೆಯಲ್ಲ ರೀ!" ಎಂದಳು ಹೆಂಡತಿ.

"ಇದೆ ಕಣೆ" ಎಂದ ಆಯ್ತಪ್ಪ ತಿರುಗಿ ನೋಡದೆ. "ಆದ್ರೂ ಒಳಗಿರೋರನ್ನ ಒಂದು ಮಾತು ಕೇಳಬೇಡ್ವಾ?"